ಬೀಗ ಬಿದ್ದ ಬಾಗಿಲಿನ ಹೊರಗೆ ಮೇಬಲ್

ಮೇಬಲ್ ನಾರ್ಮಂಡ್ ಹೆಸರನ್ನು ನಾನು ಮೊದಲು ಓದಿದ್ದು ಚಾರ್ಲಿ ಚಾಪ್ಲಿನ್ ಆತ್ಮಕಥೆಯಲ್ಲಿ. 1914ರಲ್ಲಿ ಕೀಸ್ಟೋನ್ ಕಂಪನಿಯ 'ಮೇಬಲ್ ಅಟ್ ದಿ ವೀಲ್' ಚಿತ್ರೀಕರಣದಲ್ಲಿ ಅವಳ ನಿರ್ದೇಶನವನ್ನು ಒಪ್ಪದೆ ಆತ ಜಗಳವಾಡಿದ್ದ. ಆಕೆ ಚೆಲುವೆ, ಒಳ್ಳೆಯವಳು, ಆದರೆ ನಿರ್ದೇಶಿಸುವ ಸಾಮರ್ಥ್ಯ ಇರಲಿಲ್ಲ ಎಂಬುದು ಆತನ ತೀರ್ಪು. ಅವಳ ಒಂದೂ ಚಿತ್ರ ನೋಡದೆ ನಾನೂ ಅದನ್ನು ನಂಬಿದ್ದೆ.

ಆಮೇಲೆ ಅದೇ ವರ್ಷದ 'ಮೇಬಲ್ಸ್ ಸ್ಟ್ರೇಂಜ್ ಪ್ರೆಡಿಕಮೆಂಟ್' ನೋಡಿದೆ. ನಿರ್ದೇಶಕಿಯಾಗಿ ದಾಖಲಾಗಿರುವುದು ಮೇಬಲ್ ಹೆಸರು. ಚಾಪ್ಲಿನ್ ತನ್ನ ಅಲೆಮಾರಿಯ ವೇಷದಲ್ಲಿ ಕ್ಯಾಮೆರಾ ಮುಂದೆ ಮೊದಲು ನಿಂತದ್ದು ಇದರಲ್ಲೇ ಎಂಬ ಕಾರಣಕ್ಕೆ ಈ ಚಿತ್ರವನ್ನು ನೆನೆಯುತ್ತಾರೆ. ನನ್ನನ್ನು ಹಿಡಿದದ್ದು ಕತೆ. ನಾಯಿಯೊಡನೆ ಆಡುತ್ತಿದ್ದ ಹುಡುಗಿ ಹೋಟೆಲಿನ ಕೋಣೆಯಿಂದ ಹೊರಬರುತ್ತಾಳೆ, ಬಾಗಿಲು ಬೀಗ ಬೀಳುತ್ತದೆ. ಮೈಮೇಲೆ ಪೈಜಾಮ, ಹಿಂದೆ ಒಬ್ಬ ಕುಡುಕ. ತಪ್ಪಿಸಿಕೊಳ್ಳಲು ಪರಪುರುಷನ ಕೋಣೆಗೆ ನುಗ್ಗಿ ಮಂಚದಡಿ ಅವಿತುಕೊಳ್ಳುತ್ತಾಳೆ. ಅವಳು ಮಾಡಿದ ತಪ್ಪೇನೂ ಇಲ್ಲ. ಆದರೂ ಹೆದರಬೇಕಾದವಳು ಅವಳೇ. ಚಿತ್ರದ ನಗೆಯೆಲ್ಲ ಹುಟ್ಟುವುದು 'ನೋಡಿದವರು ಏನೆಂದುಕೊಂಡಾರು' ಎಂಬ ಈ ದಿಗಿಲಿನಿಂದ.

ಎಂಟು ವರ್ಷಗಳ ನಂತರ ಆ ದಿಗಿಲು ಬದುಕಿಗೇ ಬಂತು. 1922ರ ಫೆಬ್ರವರಿ 1ರ ಸಂಜೆ ಆಕೆ ನಿರ್ದೇಶಕ ವಿಲಿಯಂ ಡೆಸ್ಮಂಡ್ ಟೇಲರ್ ಮನೆಗೆ ಹೋಗಿ ಮರಳಿದಳು. ಮರುದಿನ ಆತ ಗುಂಡೇಟಿನಿಂದ ಸತ್ತು ಬಿದ್ದಿದ್ದ. ಕೊಲೆಗಾರ ಯಾರೆಂದು ಇಂದಿಗೂ ಇತ್ಯರ್ಥವಾಗಿಲ್ಲ. ಮೇಬಲ್ ಮೇಲೆ ಆರೋಪ ಹೊರಿಸಲಿಲ್ಲ. ಪತ್ರಿಕೆಗಳು ಮಾತ್ರ ಬಿಡಲಿಲ್ಲ. ತೆರೆಯ ಮೇಲೆ ಕೊನೆಯ ರೀಲಿಗೆ ಬಗೆಹರಿಯುವ ಅಪಾರ್ಥ ಇಲ್ಲಿ ಬಗೆಹರಿಯಲಿಲ್ಲ. ಕ್ಷಯದಿಂದ 1930ರಲ್ಲಿ ತೀರಿಕೊಂಡಾಗ ಅವಳಿಗೆ ಮೂವತ್ತೇಳು.

ಆದರೆ ಅವಳನ್ನು ಬರೀ ದುರಂತವಾಗಿ ಓದುವುದೂ ಇನ್ನೊಂದು ಅನ್ಯಾಯ. ಹಗರಣದ ನಂತರ ಬಂದ 'ದಿ ಎಕ್‌ಸ್ಟ್ರಾ ಗರ್ಲ್' (1923) ನೋಡಿ. ವೇಷ ಹಾಕಿದ ನಾಯಿಯೆಂದು ತಿಳಿದು ನಿಜವಾದ ಸಿಂಹವನ್ನೇ ಹಗ್ಗ ಹಿಡಿದು ಸ್ಟುಡಿಯೋ ತುಂಬ ಎಳೆದೊಯ್ಯುತ್ತಾಳೆ. ಸುತ್ತಲಿನವರು ದಿಕ್ಕಾಪಾಲಾಗುತ್ತಾರೆ. ಅವಳದು ಮೊಂಡು ಕರುವನ್ನು ಕೊಟ್ಟಿಗೆಗೆ ಎಳೆದೊಯ್ಯುವವಳ ಗತ್ತು. ಮುಖ ತಿರುಚುವುದಿಲ್ಲ, ಎದ್ದು ಬಿದ್ದು ನಗಿಸುವುದಿಲ್ಲ. ನಮಗೆ ತಿಳಿದದ್ದು ತನಗೆ ತಿಳಿಯದು ಎಂಬುದನ್ನು ಅಷ್ಟು ಹೊತ್ತು ಕಾಪಾಡಿಕೊಳ್ಳುವುದೇ ಅವಳ ಕಲೆ.

ಚಾಪ್ಲಿನ್ ಪುಸ್ತಕ ಈಗಲೂ ನನಗೆ ಇಷ್ಟ. ಮೇಬಲ್ ಕುರಿತು ಮಾತ್ರ ಅವಳ ಚಿತ್ರಗಳನ್ನೇ ಕೇಳುತ್ತೇನೆ.