ಪುಕ್ಕಟೆ ಸೂರು

ಡಾಲಸ್ ಸುತ್ತಮುತ್ತ ಮೇ ತಿಂಗಳಲ್ಲಿ ಯಾವ ಕನ್ನಡದವರ ಮನೆಗೆ ಊಟಕ್ಕೆ ಹೋದರೂ ಒಂದು ಪ್ರಶ್ನೆ ಬಂದೇ ಬರುತ್ತೆ. ‘ನಿಮ್ದು ರೂಫ್ ಆಯ್ತಾ?’ ಯಾರೋ ಒಬ್ಬರು ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಾ ಹೇಳ್ತಾರೆ: ‘ಆಯ್ತು ಗುರು. ಫ್ರೀ! ಒಂದು ಡಾಲರ್ ಕೈಯಿಂದ ಹಾಕಿಲ್ಲ.’ ಉಳಿದವರು ಆ ಕಂಟ್ರಾಕ್ಟರ್ ನಂಬರ್ ಕೇಳಿ ಫೋನಿಗೆ ಹಾಕ್ಕೊಳ್ತಾರೆ. ಹೋದ ವರ್ಷ ನಾನೂ ಹಾಕ್ಕೊಂಡೆ.

ಆ ‘ಫ್ರೀ’ ಅನ್ನೋ ಪದದ ಮೇಲೇ ನನ್ನ ತಕರಾರು.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಉತ್ತರ ಟೆಕ್ಸಾಸಿನ ವಸಂತ ಅಂದ್ರೆ ಆಲಿಕಲ್ಲಿನ ಕಾಲ. ಊರಲ್ಲಿ ನಾವು ಅಂಗಳಕ್ಕೆ ಓಡಿ ಆಯ್ದು ಬಾಯಿಗೆ ಹಾಕ್ಕೊಳ್ತಿದ್ದ ಕಡಲೆಕಾಳಿನ ಗಾತ್ರದ ಕಲ್ಲಲ್ಲ. ಇಲ್ಲಿನ ಹವಾಮಾನ ಇಲಾಖೆ ಲೆಕ್ಕಕ್ಕೆ ಒಂದು ಇಂಚು ಅಡ್ಡಳತೆ ಮುಟ್ಟಿದರೇನೇ ‘ತೀವ್ರ’. ನಿಂಬೆಹಣ್ಣಿನಷ್ಟು, ಕ್ರಿಕೆಟ್ ಚೆಂಡಿನಷ್ಟು ದಪ್ಪದವೂ ಬೀಳ್ತವೆ. 1995ರ ಮೇ 5ರಂದು ಫೋರ್ಟ್ ವರ್ತ್‌ನ ಮೇಫೆಸ್ಟ್ ಜಾತ್ರೆಯ ಮೇಲೆ ಬಿದ್ದ ಕಲ್ಲುಮಳೆಯನ್ನ ಹಳಬರು ಇನ್ನೂ ನೆನೆಸಿಕೊಳ್ತಾರೆ.

ಇಲ್ಲಿನ ಮನೆಗಳ ಸೂರು ಹೆಂಚಿನದಲ್ಲ, ಶಿಂಗಲ್‌ದು. ಫೈಬರ್ ಗ್ಲಾಸ್ ಹಾಳೆಗೆ ಡಾಂಬರು ಬಳಿದು, ಮೇಲೆ ಸಣ್ಣ ಕಲ್ಲಿನ ಹರಳು ಒತ್ತಿರುತ್ತಾರೆ. ಆಲಿಕಲ್ಲು ಬಿದ್ದ ಜಾಗದಲ್ಲಿ ಹರಳು ಉದುರುತ್ತೆ, ಒಳಗಿನ ಹಾಳೆ ಜಜ್ಜಿ ಹೋಗುತ್ತೆ. ಅವತ್ತೇ ಸೋರಲ್ಲ. ಬಿಸಿಲು ಆ ಡಾಂಬರನ್ನ ನಿಧಾನವಾಗಿ ತಿಂದು, ಮೂರು ನಾಲ್ಕು ವರ್ಷ ಕಳೆದ ಮೇಲೂ ಸೋರಬಹುದು.

ಇಡೀ ವ್ಯವಹಾರದ ಬೇರು ಇಲ್ಲಿದೆ. ಕೆಳಗೆ ನಿಂತ ಮನೆಯವನಿಗೆ ಏನೂ ಕಾಣಲ್ಲ. ಅವನು ಇಬ್ಬರ ಮಾತು ನಂಬಬೇಕು. ಒಬ್ಬ ಕಂಟ್ರಾಕ್ಟರ್. ‘ಹಾಳಾಗಿದೆ’ ಅಂದ್ರೇನೇ ಅವನಿಗೆ ಕೆಲಸ. ಇನ್ನೊಬ್ಬ ಇನ್ಶೂರೆನ್ಸ್ ಕಡೆಯ ಅಡ್ಜಸ್ಟರ್. ‘ಹಾಳಾಗಿಲ್ಲ’ ಅಂದ್ರೆ ಅವನನ್ನ ಕಳಿಸಿದ ಕಂಪನಿಗೆ ಉಳಿತಾಯ. ಇಬ್ಬರೂ ಏಣಿ ಹತ್ತಿ ಹತ್ತಡಿ ಚೌಕದೊಳಗೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಏಟು ಎಣಿಸ್ತಾರೆ. ಎಣಿಕೆ ಮಾತ್ರ ತಾಳೆ ಆಗೋದು ಅಪರೂಪ. ಏಟು ಸಾಲದೇ ಹೋದಾಗ ಸುತ್ತಿಗೆಯಲ್ಲೋ ನಾಣ್ಯದಲ್ಲೋ ತಾವೇ ಏಟು ಮಾಡಿ ಸಿಕ್ಕಿಬಿದ್ದ ಕಂಟ್ರಾಕ್ಟರುಗಳೂ ಇದ್ದಾರೆ.

ನನ್ನ ಮನೆಗೆ ಬಂದವನು ಬಹಳ ಮರ್ಯಾದಸ್ಥ. ಊಟದಲ್ಲಿ ಸಿಕ್ಕಿದ ನಂಬರಿನವನೇ. ಹತ್ತಿ ಇಳಿದು, ಫೋಟೋ ತೋರಿಸಿ, ಟ್ಯಾಬ್ಲೆಟ್ ಮುಂದೆ ಹಿಡಿದ. ‘ಇಲ್ಲೊಂದು ಸಹಿ ಮಾಡಿ, ನಾನು ಸೂರು ಪರೀಕ್ಷೆ ಮಾಡಿದೆ ಅನ್ನೋದಕ್ಕೆ.’ ಬೆರಳಲ್ಲಿ ಗೀಚಿದೆ. ದಿನಕ್ಕೆ ಹತ್ತು ಸಲ ಓದದೇ ‘ಐ ಅಗ್ರೀ’ ಒತ್ತೋ ಕಸುಬಿನವನು ನಾನು, ಇನ್ನೇನು ಮಾಡ್ತೀನಿ?

ರಾತ್ರಿ ಈಮೇಲಿಗೆ ಬಂದ ಕಾಗದ ಓದಿದರೆ ಅದು ಪರೀಕ್ಷೆಯ ರಸೀದಿ ಅಲ್ಲ, ಒಪ್ಪಂದ. ಇನ್ಶೂರೆನ್ಸ್ ಕ್ಲೇಮ್ ಪಾಸಾದರೆ ಕಂಪನಿ ಎಷ್ಟು ಕೊಡುತ್ತೋ ಅಷ್ಟಕ್ಕೆ ಇವನಿಂದಲೇ ಕೆಲಸ ಮಾಡಿಸಬೇಕು. ಬೇರೆಯವರಿಗೆ ಕೊಟ್ಟರೆ ಇವನಿಗೆ ದಂಡ ಕಟ್ಟಬೇಕು. ರೇಟು ಎಲ್ಲೂ ಇಲ್ಲ. ಯಾವ ಶಿಂಗಲ್ ಅಂತಲೂ ಇಲ್ಲ. ಮನೆ ಬಾಗಿಲಿಗೆ ಬಂದು ಮಾಡಿಸಿಕೊಂಡ ಇಂಥ ಒಪ್ಪಂದವನ್ನ ಕೆಲಸದ ದಿನದ ಲೆಕ್ಕದಲ್ಲಿ ಮೂರು ದಿನದೊಳಗೆ ರದ್ದು ಮಾಡಬಹುದು ಅಂತ ಇಲ್ಲಿ ಕೇಂದ್ರದ್ದೇ ನಿಯಮ ಇದೆ. ಮೂರನೇ ದಿನ ಲಿಖಿತವಾಗಿ ರದ್ದು ಮಾಡಿದೆ.

ಅವನು ಫೋನ್ ಮಾಡಿದ. ಜಗಳ ಆಡಲಿಲ್ಲ. ‘ನಿಮ್ಮ ಡಿಡಕ್ಟಿಬಲ್ ನಾನೇ ನೋಡ್ಕೊಳ್ತೀನಿ’ ಅಂದ.

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳನ್ನ ಸುಲಭಕ್ಕೆ ದುಂಡಗೆ ಮಾಡಿದ್ದೀನಿ. ಮನೆಗೆ 4 ಲಕ್ಷ ಡಾಲರ್ ವಿಮೆ. ಗಾಳಿ ಮತ್ತು ಆಲಿಕಲ್ಲಿಗೆ ಡಿಡಕ್ಟಿಬಲ್ ಶೇಕಡಾ 2, ಅಂದ್ರೆ ಮೊದಲ 8,000 ಡಾಲರ್ ನನ್ನ ಜೇಬಿಂದ. ಹೊಸ ಸೂರಿಗೆ ಕಂಪನಿ ಹಾಕಿದ ಅಂದಾಜು 18,000. ಹಳೇ ಸೂರು ಸವೆದಿದೆ ಅಂತ ಸವಕಳಿ 6,000 ಹಿಡಿದುಕೊಂಡರು. ಉಳಿದ 12,000ದಲ್ಲಿ ನನ್ನ 8,000 ಕಳೆದು ಮೊದಲ ಚೆಕ್ 4,000. ಕೆಲಸ ಮುಗಿದು ಬಿಲ್ಲು ಕಳಿಸಿದ ಮೇಲೆ ಆ 6,000 ವಾಪಸ್. ಒಟ್ಟು ಕಂಪನಿಯದು 10,000, ನನ್ನದು 8,000.

‘ನಾನೇ ನೋಡ್ಕೊಳ್ತೀನಿ’ ಅಂದ್ರೆ ಆ 8,000 ಎಲ್ಲಿಂದ ಬಂತು? ಕಂಟ್ರಾಕ್ಟರ್ ಏನು ಧರ್ಮಛತ್ರ ಇಟ್ಟಿದ್ದಾನಾ? ದಾರಿ ಎರಡೇ. ಒಂದು, 10,000ಕ್ಕೆ ಕೆಲಸ ಮಾಡಿ 18,000ಕ್ಕೆ ಬಿಲ್ ಬರೆಯೋದು. ಆಗ ಶಿಂಗಲ್ಲಿಗೆ ಆರು ಮೊಳೆ ಹೊಡೆಯೋ ಕಡೆ ನಾಲ್ಕೇ ಹೊಡೀತಾರೆ, ಚಿಮಣಿ ಸುತ್ತಿನ ಹಳೇ ತಗಡನ್ನೇ ಬಿಡ್ತಾರೆ, ಅಡಿಗೆ ಹಾಸೋ ಹಾಳೆ ಅಗ್ಗದ್ದು ತರ್ತಾರೆ. ಎರಡು, ಮಾಡದ ಕೆಲಸ ಸೇರಿಸಿ ಕಂಪನಿಯಿಂದ ಇನ್ನಷ್ಟು ಕೀಳೋದು. ಮೊದಲನೆಯದರಲ್ಲಿ ನನ್ನ ಸೂರು ಕಳಪೆ, ಎರಡನೆಯದರಲ್ಲಿ ಊರವರ ದುಡ್ಡು. ಎರಡರಲ್ಲೂ ಬಿಲ್ಲು ಸುಳ್ಳು, ಅದನ್ನ ಕಳಿಸೋನು ನಾನು.

ಟೆಕ್ಸಾಸಿನಲ್ಲಿ 2019ರ ಸೆಪ್ಟೆಂಬರ್ 1ರಿಂದ ಇದು ಸ್ಪಷ್ಟವಾಗಿ ಅಪರಾಧ. ಡಿಡಕ್ಟಿಬಲ್ ಮನ್ನಾ ಮಾಡ್ತೀನಿ ಅಂತ ಕಂಟ್ರಾಕ್ಟರ್ ಹೇಳೋ ಹಾಗಿಲ್ಲ, ಮನೆಯವನು ಅದನ್ನ ಕಟ್ಟಲೇಬೇಕು, ಕಟ್ಟಿದ್ದಕ್ಕೆ ಪುರಾವೆ ಕೊಡಿ ಅಂತ ಕಂಪನಿ ಕೇಳಬಹುದು. ‘ಇನ್ಶೂರೆನ್ಸ್ ಜೊತೆ ನಾನೇ ಮಾತಾಡಿ ಕ್ಲೇಮ್ ಕೊಡಿಸ್ತೀನಿ’ ಅಂತ ಸೂರು ಹೊದೆಸೋನೇ ಹೇಳೋದಕ್ಕೂ ತಡೆ ಇದೆ. 2024ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಆ ಕಾನೂನನ್ನ ಎತ್ತಿಹಿಡಿಯಿತು. ಆದರೆ ಇದೇ ರಾಜ್ಯದಲ್ಲಿ ಕ್ಷೌರ ಮಾಡೋಕೆ ಲೈಸನ್ಸ್ ಬೇಕು, ಸೂರು ಹೊದೆಸೋಕೆ ರಾಜ್ಯದ ಲೈಸನ್ಸ್ ಬೇಕಿಲ್ಲ. ಲಾರಿ, ಏಣಿ, ಹೆಸರು ಬರೆದ ಟಿ-ಶರ್ಟ್ ಇದ್ದರೆ ಸಾಕು. ಮಳೆ ಹೋದ ಕಡೆಗೆ ಅವರೂ ಹೋಗ್ತಾರೆ.

ಇಷ್ಟು ಹೇಳಿದ್ದಕ್ಕೆ ಒಬ್ಬ ಗೆಳೆಯ ರೇಗಿದ. ‘ಕಂಪನಿಯವರು ನಮ್ಮನ್ನ ಸುಲೀತಿಲ್ವಾ? ನಾವು ಸ್ವಲ್ಪ ಕಿತ್ಕೊಂಡ್ರೆ ಏನಾಯ್ತು?’ ಈ ಮಾತಲ್ಲಿ ಹುರುಳಿಲ್ಲ ಅನ್ನೋ ಹಾಗಿಲ್ಲ. ನಾನು ಮನೆ ಕೊಂಡಾಗ ಶೇಕಡಾ 1 ಇದ್ದ ಡಿಡಕ್ಟಿಬಲ್, ನವೀಕರಣದ ಕಾಗದದ ಒಂದು ಮೂಲೆಯಲ್ಲಿ ಸದ್ದಿಲ್ಲದೇ 2 ಆಗಿತ್ತು. ಸೂರಿಗೆ ವಯಸ್ಸಾಗಿದೆ ಅಂತ ಸವಕಳಿ ದುಡ್ಡನ್ನ ವಾಪಸ್ಸೇ ಕೊಡದ ಪಾಲಿಸಿಗಳಿವೆ. ‘ಬರೀ ಅಂದಗೆಟ್ಟಿದೆ, ಹಾಳಾಗಿಲ್ಲ’ ಅಂತ ತಗಡಿನ ಸೂರಿನ ತಗ್ಗುಗಳನ್ನ ತಳ್ಳಿಹಾಕೋ ಷರತ್ತುಗಳಿವೆ. ಪ್ರಶ್ನೆ ಕೇಳದವರಿಗೆ ಕಡಿಮೆ ಸಿಗುತ್ತೆ ಅನ್ನೋದು ನಾನೇ ಕಂಡಿದ್ದು. ನನ್ನ ಮೊದಲ ಅಂದಾಜಿನಲ್ಲಿ ಮಳೆನೀರಿನ ದೋಣಿಯೇ ಬಿಟ್ಟುಹೋಗಿತ್ತು. ಫೋಟೋ ಹಾಕಿ ಬರೆದ ಮೇಲೆ ಸೇರಿಸಿದರು.

ಆದರೆ ಅದಕ್ಕೆ ಮದ್ದು ಜಗಳ. ಅಂದಾಜಿನ ಪ್ರತಿ ಸಾಲು ಓದೋದು, ತಪ್ಪಿದ್ದರೆ ಮರುಪರೀಕ್ಷೆ ಕೇಳೋದು, ಬಗ್ಗದಿದ್ದರೆ ರಾಜ್ಯದ ವಿಮಾ ಇಲಾಖೆಗೆ ದೂರು ಕೊಡೋದು. ಸುಳ್ಳು ಬಿಲ್ಲು ಕಂಪನಿಗೆ ತಗಲಲ್ಲ. ಕಂಪನಿ ಅದನ್ನ ಮುಂದಿನ ವರ್ಷ ಎಲ್ಲರ ಪ್ರೀಮಿಯಮ್ಮಿಗೆ ಹಂಚುತ್ತೆ. ನಮ್ಮ ಬೀದಿ ಕೊನೆಯಲ್ಲಿ ಪಿಂಚಣಿಯಲ್ಲಿ ಬದುಕೋ ಒಬ್ಬರು ಅಜ್ಜಿ ಇದ್ದಾರೆ. ನಮ್ಮ ಫ್ರೀ ಸೂರಿನ ಒಂದು ಪಾಲನ್ನ ಅವರೂ ಕಟ್ತಾರೆ.

ನನ್ನನ್ನ ನಿಜವಾಗಿ ಚುಚ್ಚಿದ್ದು ಇನ್ನೊಂದು ನೆನಪು. ನಾನು ಹೈಸ್ಕೂಲಲ್ಲಿದ್ದಾಗ ನಮ್ಮೂರಲ್ಲಿ ಆಲಿಕಲ್ಲು ಮಳೆ ಬಿದ್ದು ನಾಡಹೆಂಚಿನ ಮನೆಗಳು ಚಿಂದಿಯಾಗಿದ್ದವು. ಪರಿಹಾರದ ಪಟ್ಟಿ ಬಂದಾಗ ಆರ್‌ಸಿಸಿ ಮನೆಯವರ ಹೆಸರಿತ್ತು, ಹೆಂಚು ಒಡೆದು ರಾತ್ರಿಯಿಡೀ ಪಾತ್ರೆ ಇಟ್ಟುಕೊಂಡು ಕೂತಿದ್ದ ನಮ್ಮ ಕೇರಿಯ ನಾಲ್ಕು ಮನೆ ಇರಲಿಲ್ಲ. ಅಪ್ಪ ಆ ಪಟ್ಟಿಯ ಮುಂದೆ ನಿಂತಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ‘ಇಂಡಿಯಾ ಯಾಕೆ ಉದ್ಧಾರ ಆಗಲ್ಲ’ ಅಂತ ಇಲ್ಲಿನ ಊಟದ ಮೇಜಲ್ಲಿ ಮಾತು ಬಂದಾಗೆಲ್ಲ ನಾನು ಹೇಳೋ ಕಥೆ ಅದು. ಎಲ್ಲರೂ ತಲೆಯಾಡಿಸ್ತಾರೆ. ಅದೇ ಮೇಜಲ್ಲಿ, ಹತ್ತು ನಿಮಿಷ ಕಳೆದ ಮೇಲೆ, ‘ನಿಮ್ದು ರೂಫ್ ಆಯ್ತಾ?’

ಆ ಪಟ್ಟಿಗೂ ಈ ಬಿಲ್ಲಿಗೂ ಏನು ವ್ಯತ್ಯಾಸ? ಅಲ್ಲಿ ಕಾರ್ಬನ್ ಹಾಳೆ, ಇಲ್ಲಿ ಟ್ಯಾಬ್ಲೆಟ್. ಅಲ್ಲಿ ಪಟ್ಟಿಯಿಂದ ಹೊರಗೆ ನಿಂತಿದ್ವಿ, ಅದಕ್ಕೇ ಅದು ಲಂಚಗುಳಿತನ. ಇಲ್ಲಿ ಪಟ್ಟಿಯೊಳಗೆ ಇದ್ದೀವಿ, ಅದಕ್ಕೇ ಇದು ಜಾಣತನ.

ಕೊನೆಗೆ ನಾನು ಹದಿನೈದು ಮೈಲಿ ದೂರದಲ್ಲಿ ಕಚೇರಿ ಇರೋ ಒಬ್ಬರನ್ನ ಹಿಡಿದೆ. ಅವರ ಹೊಣೆಗಾರಿಕೆ ವಿಮೆಯ ಪತ್ರ ತರಿಸಿ ನೋಡಿದೆ, ಮೊಳೆ ಎಷ್ಟು ಅನ್ನೋದರ ಸಮೇತ ಬರೆಸಿಕೊಂಡೆ, 8,000 ಡಾಲರಿನ ಚೆಕ್ ಕೊಟ್ಟೆ. ಕೊಡುವಾಗ ಹೊಟ್ಟೆ ಉರಿಯಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆ ವರ್ಷದ ಊರಿನ ಪ್ರಯಾಣ ರದ್ದಾಯಿತು.

ಬೆಳಗ್ಗೆ ಆರೂವರೆಗೆ ಎಂಟು ಜನ ಬಂದರು, ಸ್ಪ್ಯಾನಿಷ್ ಮಾತಾಡೋರು. ಆ ಬಿಸಿಲಲ್ಲಿ ಹಳೇದು ಕಿತ್ತು ಹೊಸದು ಹೊದೆಸಿ ಸಂಜೆ ಹೊತ್ತಿಗೆ ಮುಗಿಸಿದರು. ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಯಾಕೆ ಬರೋಕಾಗಲ್ಲ ಅಂತ ಹೇಳ್ತಾ ಸೂರಿನ ಕಥೆಯೂ ಹೇಳಿದೆ. ಎಂಟು ಸಾವಿರದ ಬಗ್ಗೆ ಅವರು ಏನೂ ಅನ್ನಲಿಲ್ಲ. ನಮ್ಮನೆಯ ಹೆಂಚು ಕೈಯಾಡಿಸೋರು ನಮ್ಮೂರಿನವರೇ, ಸೋರಿದರೆ ಅಪ್ಪ ನೇರ ಅವರ ಜಗಲಿಗೆ ಹೋಗ್ತಿದ್ದರು.

‘ಹೊದ್ಸಿದ್ದು ಯಾರಪ್ಪ, ಹೆಸರೇನು?’ ಅಂದರು.

ಕಂಪನಿ ಹೆಸರು ಹೇಳಿದೆ.

‘ಅದಲ್ಲ ಕಣಪ್ಪ. ಮೇಲೆ ಹತ್ತಿದೋರು.’

ಎಂಟು ಜನಕ್ಕೂ ನೀರು ಕೊಟ್ಟಿದ್ದೆ. ಒಬ್ಬರ ಹೆಸರೂ ಕೇಳಿರಲಿಲ್ಲ.