ಸತ್ಯನ್ ‘ಬರೀ ಪತ್ರಿಕೆಯವರು’ ಅಲ್ಲ

‘ಟಿ.ಎಸ್. ಸತ್ಯನ್ ಒಳ್ಳೆಯ ಪತ್ರಿಕಾ ಛಾಯಾಗ್ರಾಹಕರು. ಕಲಾವಿದರು ಅಂತ ಹೇಳಲಿಕ್ಕಾಗದು.’ ಪುತ್ತೂರು, ಸುಳ್ಯದ ಕಡೆಯಿಂದ ಸಲಾನ್ ಎಂಬ ಛಾಯಾಚಿತ್ರ ಸ್ಪರ್ಧೆಗಳಿಗೆ ಚಿತ್ರ ಕಳಿಸುವ ಗೆಳೆಯರ ಬಾಯಲ್ಲಿ ಈ ಮಾತು ಕೇಳಿ ಕೇಳಿ ರೋಸಿಹೋಗಿದ್ದೇನೆ. ಹೇಳುವವರು ಸಾಮಾನ್ಯರಲ್ಲ, ಹೆಸರಿನ ಜೊತೆ ಎಎಫ್‌ಐಎಪಿ ಎಂಬ ಛಾಯಾಗ್ರಹಣದ ಬಿರುದು ಸೇರಿಸಿಕೊಳ್ಳಲು ವರ್ಷಗಟ್ಟಲೆ ದುಡಿದವರು. ಆದರೆ ಅವರ ಅಳತೆಗೋಲೇ ಸೊಟ್ಟ.

ಆ ಅಳತೆಗೋಲು ಬಂದದ್ದು ಕಾಡಿನಿಂದ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಹಕ್ಕಿಗಾಗಿ ಮರೆಯಲ್ಲಿ ಕೂತು ಮಾಡಿದ ತಪಸ್ಸಿಗೆ ನನ್ನ ನಮಸ್ಕಾರವಿದೆ. ಹಿನ್ನೆಲೆ ತಿಳಿಯಾಗಿರಬೇಕು, ವಿಷಯ ಒಂಟಿಯಾಗಿ ಎದ್ದು ಕಾಣಬೇಕು ಎಂಬುದು ಹಕ್ಕಿಯ ಚಿತ್ರಕ್ಕೆ ಸರಿ. ಅದನ್ನೇ ಮನುಷ್ಯರಿಗೂ ಹಚ್ಚಿದ್ದು ತಪ್ಪು. ಮನುಷ್ಯನ ಹಿನ್ನೆಲೆಯಲ್ಲೇ ಅವನ ಮನೆ, ಸಾಲ, ಜಾತಿ, ಕಸುಬು ಎಲ್ಲ ಇರುವುದು. ಅದನ್ನು ಮಸುಕು ಮಾಡಿದರೆ ಉಳಿಯುವುದು ವೇಷ.

ಪುತ್ತೂರಿನ ಮಹಾಲಿಂಗೇಶ್ವರ ದೇವರಮಾರು ಗದ್ದೆಯ ಕೋಟಿ-ಚೆನ್ನಯ ಕಂಬಳವನ್ನೇ ನೋಡಿ. ಕೋಣಗಳು ಓಡುವ ಕರೆಯ ಪಕ್ಕ ಸಾಲಾಗಿ ಕ್ಯಾಮೆರಾಗಳು, ಎಲ್ಲದರಲ್ಲೂ ಒಂದೇ ಚಿತ್ರ: ಚಿಮ್ಮುವ ಕೆಸರುನೀರು, ಬಾಯಿ ತೆರೆದ ಕೋಣ, ಮೈ ಬಿಲ್ಲಾದ ಓಟಗಾರ. ಕೋಣಕ್ಕೆ ಹುರುಳಿ ಬೇಯಿಸಿ ಹಾಕುವವನು, ಮೈ ತಿಕ್ಕುವವನು, ಸೋತ ಜೋಡಿಯನ್ನು ಹಿಂದಕ್ಕೆ ಹೊಡೆದುಕೊಂಡು ಹೋಗುವವನು ಯಾರ ಚೌಕಟ್ಟಿಗೂ ಬೀಳುವುದಿಲ್ಲ.

ಸತ್ಯನ್ ಕಣ್ಣು ಹೋಗುತ್ತಿದ್ದದ್ದು ಅಂಥವರ ಕಡೆಗೇ. ಮೈಸೂರಿನ ಆ ಹುಡುಗ ಛಾಯಾಗ್ರಹಣ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ. 1948ರಲ್ಲಿ ‘ಡೆಕ್ಕನ್ ಹೆರಾಲ್ಡ್’ ಸೇರಿದರು, ‘ಇಲಸ್ಟ್ರೇಟೆಡ್ ವೀಕ್ಲಿ’ಗೆ ದುಡಿದರು, ‘ಲೈಫ್’ ಪತ್ರಿಕೆಗೂ ಚಿತ್ರ ಕೊಟ್ಟರು. ಸಿಡುಬು ನಿರ್ಮೂಲನೆಯ ಕೆಲಸ ನಡೆದಾಗ ವಿಶ್ವ ಆರೋಗ್ಯ ಸಂಸ್ಥೆಗಾಗಿ ಹಳ್ಳಿ ಸುತ್ತಿದರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶನಗೊಂಡವು. ಆ ಮಕ್ಕಳಲ್ಲಿ ಯಾರೂ ನಮ್ಮ ಕನಿಕರ ಬೇಡುವುದಿಲ್ಲ. ಬಡವರಾಗಿದ್ದೂ ತಮ್ಮ ಲೋಕದಲ್ಲಿ ಮುಳುಗಿದ್ದಾರೆ. ಸತ್ಯನ್ ಅದನ್ನು ಕದಡದೆ ಪಕ್ಕದಲ್ಲಿ ನಿಂತಿದ್ದಾರೆ. ಅವರ ಕೆಲವು ಚಿತ್ರಗಳ ಸಂಯೋಜನೆ ಸಡಿಲ ಎನ್ನುವವರಿದ್ದಾರೆ. ಇರಲಿ. ಎದುರಿನ ಮನುಷ್ಯ ಬಿಗಿಯಾಗದಿರಲು ಆ ಸಡಿಲವೇ ಕಾರಣ ಎಂದು ನನಗನ್ನಿಸುತ್ತದೆ. ನೂರು ಬಂಗಾರದ ಪದಕಕ್ಕಿಂತ ಅದು ನನಗೆ ಮೇಲು.

ಸ್ವಂತ ಕಲಿಕೆಯನ್ನು ಹಗುರಾಗಿ ಕಾಣುವ ಹಕ್ಕಂತೂ ಈ ಪುತ್ತೂರಿಗಿಲ್ಲ. ಕಾಲೇಜು ಬಿಟ್ಟು ಬಂದ ಶಿವರಾಮ ಕಾರಂತರು 1930–31ರಲ್ಲೇ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿಚಿತ್ರಗಳನ್ನು ಮಾಡಿದರು. ಇಲ್ಲಿನ ತಮ್ಮ ಬಾಲವನದಲ್ಲಿ ಕೂತು ಬೇಕೆನಿಸಿದ್ದನ್ನೆಲ್ಲ ಮಾಡಿ ಕಲಿತರು. ಅವರ ಯಕ್ಷಗಾನದ ಕೆಲಸವನ್ನು ‘ದಾಖಲೆ ಮಾತ್ರ’ ಎಂದು ತಳ್ಳುವ ಧೈರ್ಯ ಯಾರಿಗಿದೆ?

ಜಗಳ ಕ್ಯಾಮೆರಾದ್ದಷ್ಟೇ ಅಲ್ಲ. ನಮ್ಮ ಊರನ್ನು ಹೊರಗಿನವರ ಕಣ್ಣಿಗೆ ಸಿಂಗರಿಸುವ ಚಟ ನಮ್ಮ ರುಚಿಯನ್ನೇ ತಿಂದಿದೆ. ‘ಕಾಂತಾರ’ ಸಿನಿಮಾ ಬಂದ ಮೇಲಂತೂ ದೈವದ ಕೋಲವೆಂದರೆ ಬೆಂಕಿ ಮತ್ತು ಬಣ್ಣ ಎಂದಾಗಿದೆ. ಬಣ್ಣ ತೊಳೆದುಕೊಂಡು ಬೆಳಗಿನ ಬಸ್ಸು ಕಾಯುವ, ಕೋಲ ಕಟ್ಟುವವನ ಮುಖ ಯಾರಿಗೂ ಬೇಡ. ಹೀಗೆ ಯಾರಿಗೂ ಬೇಡವಾದವರು ಇನ್ನೂ ಇದ್ದಾರೆ. ಹಳದಿ ಎಲೆ ರೋಗಕ್ಕೆ ಅಡಿಕೆ ತೋಟ ಕಳೆದುಕೊಂಡ ಸಂಪಾಜೆ, ಅರಂತೋಡಿನ ಮನೆಗಳಿವೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದು ಸುಳ್ಯದ ಸರಕಾರಿ ರಬ್ಬರು ತೋಟಗಳಲ್ಲಿ ಹಾಲು ತೆಗೆಯುತ್ತ ಮುದುಕರಾದ ತಮಿಳರಿದ್ದಾರೆ. ಮಳೆಗಾಲದಲ್ಲಿ ಜಾರುವ ಅಡಿಕೆ ಮರದ ತುದಿಗೇರಿ ಕೊಳೆರೋಗಕ್ಕೆ ಮದ್ದು ಬಿಡುವವರು ಕಡಬದಲ್ಲಿ ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ಕ್ಯಾಮೆರಾ ಇರುವ ಗೆಳೆಯರೇ, ಈ ಮಳೆಗಾಲದಲ್ಲಿ ಇಂಥವರ ಚಿತ್ರ ತೆಗೆಯಿರಿ. ಹಿನ್ನೆಲೆ ಅಳಿಸಬೇಡಿ. ಅವರು ಒಪ್ಪಿದರೆ ಕೆಳಗೆ ಹೆಸರು, ಊರು, ಇಸವಿ ಬರೆಯಿರಿ. ಸ್ಪರ್ಧೆಗೆ ಕಳಿಸುವ ಮೊದಲು ಒಂದು ಪ್ರತಿಯನ್ನು ಅವರ ಕೈಗೆ ಕೊಡಿ.