ಸಾಕೆನ್ನುವವರಿಲ್ಲದ ಕೋಣೆ: ಸೂಫ್ಯಾನ್ ಸ್ಟೀವನ್ಸ್ ಅವರ ಸಂಗೀತ

ಮಾತನ್ನೂ ಧಾತುವನ್ನೂ, ಅಂದರೆ ಸಾಹಿತ್ಯವನ್ನೂ ಅದರ ಸ್ವರವಿನ್ಯಾಸವನ್ನೂ, ಒಬ್ಬರೇ ರಚಿಸಿದರೆ ಅವರನ್ನು ಭಾರತೀಯ ಸಂಗೀತಶಾಸ್ತ್ರವು ವಾಗ್ಗೇಯಕಾರರೆಂದು ಕರೆಯುತ್ತದೆ. ಅಮೆರಿಕದ ಜನಪ್ರಿಯ ಸಂಗೀತದಲ್ಲಿ ಸಿಂಗರ್-ಸಾಂಗ್‌ರೈಟರ್ ಎನಿಸಿಕೊಳ್ಳುವವರು ಹೆಚ್ಚುಕಡಿಮೆ ಇದೇ ವರ್ಗಕ್ಕೆ ಸೇರುತ್ತಾರಾದರೂ, ಹಾಡು ಧ್ವನಿಮುದ್ರಣದ ಮೂಲಕವೇ ಕೇಳುಗರನ್ನು ಮುಟ್ಟುವ ಕಾಲದಲ್ಲಿ ಅವರ ಕೆಲಸ ರಚನೆಯೊಂದಿಗೆ ಮುಗಿಯುವುದಿಲ್ಲ. ಯಾವ ವಾದ್ಯ ಎಲ್ಲಿ ಬರಬೇಕು, ದನಿ ಕಿವಿಯ ಬಳಿಯಲ್ಲಿ ಕೇಳಬೇಕೋ ದೂರದಿಂದಲೋ, ಹತ್ತು ಸಲ ಹಾಡಿದ್ದರಲ್ಲಿ ಯಾವುದು ಉಳಿಯಬೇಕು ಎಂಬ ತೀರ್ಮಾನಗಳು ರಚನೆಯಷ್ಟೇ ಮುಖ್ಯವಾಗುತ್ತವೆ. ಈ ಹೊಣೆ ಹೊರುವವರನ್ನು ಅಲ್ಲಿ ಪ್ರೊಡ್ಯೂಸರ್ ಎನ್ನುತ್ತಾರೆ. ಚಿತ್ರರಂಗದ ನಿರ್ಮಾಪಕರು ಹಣ ಹೂಡಿದರೆ ಇವರು ಹೂಡುವುದು ಕಿವಿಯನ್ನು. ಇವರ ಕೆಲಸದ ಬಹುಪಾಲು, ಕಲಾವಿದರಿಗೆ ‘ಇನ್ನು ಸಾಕು’ ಎಂದು ಹೇಳುವುದೇ ಆಗಿರುತ್ತದೆ. ಬರೆಯುವವರು, ಹಾಡುವವರು, ನುಡಿಸುವವರು, ನಿರ್ಮಿಸುವವರು ಎಲ್ಲರೂ ಒಬ್ಬರೇ ಆದಾಗ ಆ ‘ಸಾಕು’ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಸೂಫ್ಯಾನ್ ಸ್ಟೀವನ್ಸ್ ಅವರ ಕಾಲು ಶತಮಾನದ ಕೆಲಸದಷ್ಟು ತೀವ್ರವಾಗಿ ಎತ್ತುವ ಕೃತಿಸಮೂಹಗಳು ಕಡಿಮೆ.

1975ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿ ಮಿಷಿಗನ್ ರಾಜ್ಯದಲ್ಲಿ ಬೆಳೆದ ಸ್ಟೀವನ್ಸ್ ಅವರು ಮೊದಲು ಕಲಿತದ್ದು ಗಿಟಾರನ್ನಲ್ಲ, ಓಬೋವನ್ನು. ಶಹನಾಯಿಯಂತೆ ಎರಡು ಸೀಳಿನ ಪೀಪಿಯಿಂದ ನುಡಿಯುವ, ವಾದ್ಯವೃಂದದ ನಡುವೆ ಕೂತು ಇತರರಿಗೆ ಕಿವಿಗೊಡುವುದನ್ನು ಕಲಿಸುವ ವಾದ್ಯ ಅದು. ಬ್ಯಾಂಜೋ, ಪಿಯಾನೋ, ಗಿಟಾರ್, ರೆಕಾರ್ಡರ್ ಎಂಬ ಕೊಳಲು, ವೈಬ್ರಫೋನ್ ಎಲ್ಲ ಆಮೇಲೆ ಸೇರಿಕೊಂಡವು. 1999ರಲ್ಲಿ ಮಲತಂದೆ ಲೋವೆಲ್ ಬ್ರಾಮ್ಸ್ ಅವರೊಂದಿಗೆ ಸೇರಿ ಅವರು ‘ಆಸ್ತ್‌ಮ್ಯಾಟಿಕ್ ಕಿಟ್ಟಿ’, ಅಂದರೆ ಉಬ್ಬಸದ ಬೆಕ್ಕು, ಎಂಬ ತಮಾಷೆಯ ಹೆಸರಿನ ಸಂಸ್ಥೆಯನ್ನು ಕಟ್ಟಿದರು. ಇಂಡೀ ಎಂಬ ಪದಕ್ಕೆ ಮೂಲದಲ್ಲಿ ಇದ್ದ ಅರ್ಥ ಇಷ್ಟೇ: ದೊಡ್ಡ ಕಂಪನಿಗಳ ಆಶ್ರಯವಿಲ್ಲದೆ ಸ್ವತಂತ್ರವಾಗಿ ಸಂಗೀತವನ್ನು ಹೊರತರುವುದು. ಈಗ ಅದು ಒಂದು ಶೈಲಿಯ ಹೆಸರಾಗಿ ಸವೆದಿದೆ. ಸ್ಟೀವನ್ಸ್ ಅವರ ಮಟ್ಟಿಗಂತೂ ಹಳೆಯ ಅರ್ಥವೇ ನಿಜ, ಏಕೆಂದರೆ ಸಂಸ್ಥೆ ಮನೆಯದೇ ಆದ್ದರಿಂದ ಅವರನ್ನು ತಡೆಯುವ ವ್ಯಾಪಾರಿ ಕೈಯೂ ಅಲ್ಲಿರಲಿಲ್ಲ.

ಚೀನೀ ರಾಶಿಚಕ್ರವನ್ನು ಆಧರಿಸಿದ ವಿದ್ಯುನ್ಮಾನ ಸಂಗೀತದ ‘ಎಂಜಾಯ್ ಯುವರ್ ರ‍್ಯಾಬಿಟ್’ (2001) ಸೇರಿದಂತೆ ಆರಂಭದ ಎರಡು ಆಲ್ಬಂಗಳು ಕುತೂಹಲದ ಅಭ್ಯಾಸಗಳಾಗಿ ಉಳಿದಿವೆ. ನಿಜವಾದ ಆರಂಭ 2003ರ ‘ಮಿಷಿಗನ್’. ಕಾರು ಕಾರ್ಖಾನೆಗಳು ಕೈಬಿಟ್ಟ ಫ್ಲಿಂಟ್ ನಗರದ ನಿರುದ್ಯೋಗಿಗಳ ಕುರಿತ ಹಾಡಿನಿಂದ ಮೊದಲಾಗುವ ಈ ಕೃತಿಯಲ್ಲಿ ತುತ್ತೂರಿಯೂ ಪಿಯಾನೋವೂ ಸಣ್ಣ ದನಿಯಲ್ಲಿ ಮಾತಾಡುತ್ತವೆ. ಅಮೆರಿಕದ ಐವತ್ತೂ ರಾಜ್ಯಗಳ ಮೇಲೆ ಒಂದೊಂದು ಆಲ್ಬಂ ಮಾಡುವುದಾಗಿ ಆಗ ಸಾರಲಾಯಿತು. ಎರಡೇ ರಾಜ್ಯಗಳಿಗೆ ನಿಂತ ಆ ಯೋಜನೆ ಪ್ರಚಾರದ ತಮಾಷೆಯಾಗಿತ್ತೆಂದು ಸ್ಟೀವನ್ಸ್ ಮುಂದೆ ಒಪ್ಪಿಕೊಂಡರು. ಪತ್ರಿಕೆಗಳು ಅದನ್ನು ವಿಫಲ ಪ್ರತಿಜ್ಞೆಯೆಂಬಂತೆ ಬಹುಕಾಲ ಎಣಿಸುತ್ತಿದ್ದವು. ಆ ತಮಾಷೆ ಕಲಾವಿದನಿಗೆ ಒಂದು ಬೇಲಿಯನ್ನು ಒದಗಿಸಿತ್ತೆಂಬುದನ್ನು ಗಮನಿಸಿದವರು ಕಡಿಮೆ. ರಾಜ್ಯದ ಗಡಿಯೊಳಗಿನ ಊರು, ಚರಿತ್ರೆ, ದಂತಕಥೆಗಳಿಗಷ್ಟೇ ಹಾಡು ಬದ್ಧವಾಗಬೇಕೆಂಬ ನಿಯಮವು, ಅವರ ಕೋಣೆಯಲ್ಲಿಲ್ಲದ ಎರಡನೆಯ ವ್ಯಕ್ತಿಯ ಕೆಲಸವನ್ನು ಮಾಡಿತು.

2005ರ ‘ಇಲಿನಾಯ್’ ಈ ಬೇಲಿಯೊಳಗೆ ಬೆಳೆದ ಅತ್ಯಂತ ಸೊಂಪಾದ ಬೆಳೆ: 22 ಭಾಗಗಳು, 74 ನಿಮಿಷ. ಇದನ್ನು ಮುದ್ರಿಸಿದ ಸಲಕರಣೆಗಳು ಮಾತ್ರ ಸಾಧಾರಣವಾದವು. ಎಂಟು ಟ್ರ್ಯಾಕ್‌ಗಳ ರೋಲ್ಯಾಂಡ್ ಪೆಟ್ಟಿಗೆ, ಯಾವ ಅಂಗಡಿಯಲ್ಲೂ ಸಿಗುವ ಮೈಕುಗಳು. ಟ್ರ್ಯಾಕ್ ಎಂದರೆ ಬೇರೆ ಬೇರೆ ಹೊತ್ತಿನಲ್ಲಿ ಮುದ್ರಿಸಿ ಒಂದರ ಮೇಲೊಂದು ಕೂಡಿಸಬಹುದಾದ ಧ್ವನಿಪದರ. ಒಬ್ಬರೇ ಇಡೀ ವಾದ್ಯವೃಂದವಾಗಲು ಸಾಧ್ಯವಾಗುವುದು ಇದರಿಂದಲೇ. ಡಿಜಿಟಲ್ ಯಂತ್ರವು ಧ್ವನಿಯನ್ನು ಸೆಕೆಂಡಿಗೆ ಎಷ್ಟು ಬಾರಿ ಅಳೆದು ದಾಖಲಿಸುತ್ತದೆ ಎಂಬುದು ಮುದ್ರಣದ ನಿಖರತೆಯನ್ನು ನಿರ್ಧರಿಸುತ್ತದೆ. ಸಿಡಿಯಲ್ಲಿ ಅದು 44,100. ಸ್ಟೀವನ್ಸ್ ಬಳಸಿದ್ದು 32,000 ಮಾತ್ರ, ಅಂದರೆ 16,000 ಹರ್ಟ್ಸ್‌ಗಿಂತ ಮೇಲಿನ ಕಂಪನಗಳು ಅದರಲ್ಲಿ ದಾಖಲಾಗುವುದೇ ಇಲ್ಲ. ತಾಳ, ತಂತಿಗಳ ತೀಕ್ಷ್ಣ ಮಿನುಗು ಹೀಗೆ ಸವರಿಹೋಗಿರುವುದರಿಂದಲೇ ಇಷ್ಟೊಂದು ವಾದ್ಯಗಳು ಒಟ್ಟಿಗೆ ನುಡಿದರೂ ಕಿವಿಗೆ ಚುಚ್ಚದೆ, ಹಳೆಯ ಶಾಲೆಯೊಂದರ ಸಭಾಂಗಣದಿಂದ ತೇಲಿಬಂದಂತೆ ಕೇಳುತ್ತವೆ. ಕೊರತೆಯು ಇಲ್ಲಿ ಶೈಲಿಯಾಗಿದೆ.

ಈ ಕೃತಿಯನ್ನು ಏಕಾಂಗಿ ಸಾಹಸವೆಂದು ಹೊಗಳುವವರು ಅದರ ಸಹಕಲಾವಿದರ ಪಟ್ಟಿಯನ್ನು ಓದಬೇಕು. ತಂತಿವಾದ್ಯಗಳ ಚತುಷ್ಟಯ, ಜೇಮ್ಸ್ ಮ್ಯಾಕ್‌ಆಲಿಸ್ಟರ್ ಅವರ ಡ್ರಮ್ಸ್, ಒಂದು ಪುಟ್ಟ ಗಾಯಕವೃಂದ ಎಲ್ಲವೂ ಅಲ್ಲಿವೆ. ಆದರೆ ಬರಹ, ಮುದ್ರಣ, ನಿರ್ಮಾಣ ಮತ್ತು ಉಳಿದ ಬಹುತೇಕ ವಾದ್ಯಗಳು ಒಬ್ಬರದೇ. ಕೊಳಲು, ವೈಬ್ರಫೋನ್‌ಗಳ ಪುಟ್ಟ ಸ್ವರಗುಚ್ಛಗಳನ್ನು ಮತ್ತೆ ಮತ್ತೆ ತಿರುಗಿಸುತ್ತ ನಿಧಾನವಾಗಿ ಬದಲಿಸುವ ವಿಧಾನವು ಮಿನಿಮಲಿಸಂ ಎಂದು ಹೆಸರಾದ, ಸಂಯೋಜಕ ಸ್ಟೀವ್ ರೈಶ್ ಅವರ ಮಾರ್ಗದಿಂದ ಬಂದದ್ದು. 1893ರ ಷಿಕಾಗೋ ವಿಶ್ವ ವಸ್ತುಪ್ರದರ್ಶನವನ್ನು ಕುರಿತ ಭಾಗ ಐದೈದು ಎಣಿಕೆಯಲ್ಲಿ, ಖಂಡ ಗತಿ ಬಲ್ಲ ಕಿವಿಗೆ ಪರಿಚಿತವಾದ ಒಂದು ತೊಡಕಿನ ನಡಿಗೆಯಲ್ಲಿ ಸಾಗಿ, ಕವಿ ಕಾರ್ಲ್ ಸ್ಯಾಂಡ್‌ಬರ್ಗ್ ಕನಸಿಗೆ ಬರುವಲ್ಲಿ ನಾಲ್ಕರ ಎಣಿಕೆಗೆ ಇಳಿಯುತ್ತದೆ. ಪ್ರದರ್ಶನದ ಗದ್ದಲದಿಂದ ಕವಿಯ ಪ್ರಶ್ನೆಗೆ ಬರುವ ಈ ದಾಟನ್ನು ತಾಳವೇ ಹೇಳುವುದರಿಂದ ಮಾತು ಹೆಚ್ಚು ಹೇಳಬೇಕಿಲ್ಲ.

ಆಲ್ಬಮಿನ ಅತ್ಯುತ್ತಮ ಗಳಿಗೆಗಳು ಮಾತ್ರ ಈ ಉತ್ಸವದ ಹೊರಗಿವೆ. ಇಲಿನಾಯ್ ರಾಜ್ಯವು ಪೋಲೆಂಡ್ ಮೂಲದ ಸೇನಾನಿಯೊಬ್ಬರ ಹೆಸರಿನಲ್ಲಿ ಮಾರ್ಚ್ ತಿಂಗಳ ಮೊದಲ ಸೋಮವಾರ ರಜೆ ಆಚರಿಸುತ್ತದೆ. ‘ಕ್ಯಾಸಿಮಿರ್ ಪುಲಾಸ್ಕಿ ಡೇ’ ಎಂಬ ಹಾಡು ಆ ರಜೆಯ ದಿನ ಕ್ಯಾನ್ಸರಿನಿಂದ ತೀರಿಕೊಳ್ಳುವ ಹುಡುಗಿಯನ್ನೂ ಉತ್ತರ ಕೊಡದ ದೇವರನ್ನೂ ಬ್ಯಾಂಜೋ, ಗಿಟಾರ್, ತುತ್ತೂರಿಗಳಷ್ಟರಲ್ಲೇ ಎದುರಿಸುತ್ತದೆ. 33 ಮಂದಿಯನ್ನು ಕೊಂದ ಜಾನ್ ವೇಯ್ನ್ ಗೇಸಿಯ ಮೇಲಿನ ಹಾಡು ಪಿಸುಮಾತಿನಲ್ಲಿ ಸಾಗಿ, ಕೊನೆಗೆ ಹಾಡುವವನ ಒಳಗಿನ ಬಚ್ಚಿಟ್ಟ ನೆಲದತ್ತ ತಿರುಗುತ್ತದೆ. ಈ ಎರಡನ್ನು ಕೇಳಿದ ಮೇಲೆ, ಉಸಿರು ಕಟ್ಟುವಷ್ಟು ಉದ್ದದ ಶೀರ್ಷಿಕೆಗಳೂ ಒಂದು ನಿಮಿಷವೂ ಇಲ್ಲದ ಮಧ್ಯಂತರ ತುಣುಕುಗಳೂ ಜಾಣ ವಿದ್ಯಾರ್ಥಿಯ ಚಟದಂತೆ ತೋರಿದರೆ ಕೇಳುಗರನ್ನು ದೂರುವಂತಿಲ್ಲ. ಮರುವರ್ಷ ಇದೇ ಆಲ್ಬಮಿನ ಉಳಿಕೆಗಳು ‘ದಿ ಅವಲಾಂಚ್’ ಹೆಸರಿನಲ್ಲಿ 21 ಭಾಗಗಳಾಗಿ ಬಂದವು. ಅವುಗಳಲ್ಲಿ ‘ಷಿಕಾಗೋ’ ಹಾಡಿನ ಪಾಠಾಂತರಗಳೇ ಮೂರು. ಎರಡು ಕಂತುಗಳ ಕ್ರಿಸ್‌ಮಸ್ ಹಾಡುಗಳು ಒಟ್ಟು ನೂರು. ಎಸೆಯಲಾರದ ಮನೆಯೊಡೆಯನ ಅಟ್ಟ ಇದು.

ಇದಕ್ಕೆ ಎದುರಾಗಿ ನಿಲ್ಲುವುದು 2004ರ ‘ಸೆವೆನ್ ಸ್ವಾನ್ಸ್’. ಬೈಬಲ್ಲಿನ ಪ್ರತಿಮೆಗಳಿಂದ ತುಂಬಿದ ಈ ಆಲ್ಬಮಿನ ನಿರ್ಮಾಣವನ್ನು ಸ್ಟೀವನ್ಸ್ ಅವರು ಗೆಳೆಯ ಡೇನಿಯಲ್ ಸ್ಮಿತ್ ಅವರಿಗೆ ಒಪ್ಪಿಸಿದ್ದರು. ಬ್ಯಾಂಜೋ ಒಂದು ಕಡೆಯಿಂದ ತೊಟ್ಟಿಕ್ಕುತ್ತದೆ, ದನಿ ಅದರ ಪಕ್ಕದಲ್ಲೇ ಕೂರುತ್ತದೆ, ನಡುವಣ ಖಾಲಿ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಸ್ವಂತ ನಿರ್ಮಾಣದಲ್ಲಿ ಆ ಜಾಗಕ್ಕೆ ಕೊಳಲೊಂದು ಬಂದು ಕೂರದೆ ಇರುತ್ತಿರಲಿಲ್ಲ ಎಂಬ ಊಹೆ ತೀರ ಅನ್ಯಾಯದ್ದಲ್ಲ.

2010ರ ‘ದಿ ಏಜ್ ಆಫ್ ಆಡ್ಜ್’ ಹೊತ್ತಿಗೆ ರಾಜ್ಯದ ಬೇಲಿಯೂ ಅಗ್ಗದ ಪೆಟ್ಟಿಗೆಯ ಕೊರತೆಯೂ ಇಲ್ಲವಾದವು. ಲೂಯಿಸಿಯಾನದ ಸ್ವಯಂಕಲಿತ ಚಿತ್ರಕಾರ ರಾಯಲ್ ರಾಬರ್ಟ್‌ಸನ್ ಅವರ ಲೋಕಾಂತ್ಯದ ದರ್ಶನಗಳು, ಸ್ಟೀವನ್ಸ್ ಅವರನ್ನು ಆಗ ಬಾಧಿಸಿದ್ದ ಕಾಯಿಲೆ, ಸಿಂಥಸೈಜರುಗಳ ಒಡೆದ ಸದ್ದು ಎಲ್ಲ ಒಂದಾದ ಈ ಆಲ್ಬಮಿನ ಕೊನೆಯ ಹಾಡೊಂದೇ 25 ನಿಮಿಷ ಮೀರುತ್ತದೆ. ಅದರ ಒಂದು ಭಾಗದಲ್ಲಿ ದನಿಯು ಸ್ವರಸ್ಥಾನವನ್ನು ಯಂತ್ರದಿಂದ ತಿದ್ದುವ ಆಟೋಟ್ಯೂನ್ ತಂತ್ರಕ್ಕೆ ಶರಣಾಗುತ್ತದೆ. ಮನೆಯನ್ನೇ ಚಿತ್ರಗಳಿಂದ ಮುಚ್ಚಿದ ಒಂಟಿ ರಾಬರ್ಟ್‌ಸನ್‌ರಲ್ಲಿ ಸ್ಟೀವನ್ಸ್ ತಮ್ಮ ವಿಧಾನದ ಭಯಾನಕ ರೂಪವನ್ನು ಕಂಡಿರಬೇಕು. ಒಂದು ಹಾಡಿನಲ್ಲಿ ಅವರು ತಮ್ಮನ್ನೇ ಹೆಸರು ಹಿಡಿದು ಕರೆದುಕೊಳ್ಳುತ್ತಾರೆ; ದಾಸರ ಅಂಕಿತದಲ್ಲಿ ದೇವರ ಹೆಸರು ಇರುವಲ್ಲಿ ಇಲ್ಲಿ ಸ್ವಂತ ಹೆಸರಿದೆ, ಅದೂ ಎಚ್ಚರಿಕೆಯ ದನಿಯಲ್ಲಿ. ಅತಿಯೇ ವಸ್ತುವಾಗಿರುವುದರಿಂದ ಈ ಕೃತಿಯ ಅತಿಯನ್ನು ಕ್ಷಮಿಸಬಹುದು. 2020ರ ‘ದಿ ಅಸೆನ್ಷನ್’ ಕುರಿತು ಹಾಗೆ ಹೇಳಲಾಗದು. ಎಂಬತ್ತು ನಿಮಿಷ ಯಂತ್ರಗಳ ತಾಳ ಒಂದೇ ಹದದಲ್ಲಿ ಬಡಿಯುತ್ತದೆ, ಅಸಮಾಧಾನ ನಿಜವಾದದ್ದು, ಆದರೆ ಅದನ್ನು ಕತ್ತರಿಸಿ ಕೊಡುವವರು ಯಾರೂ ಇರಲಿಲ್ಲ.

ಆ ಕತ್ತರಿ ಒಮ್ಮೆ ಸಿಕ್ಕಿತ್ತು. ಸ್ಟೀವನ್ಸ್ ವರ್ಷದ ಮಗುವಾಗಿದ್ದಾಗಲೇ ಅವರನ್ನು ಬಿಟ್ಟುಹೋಗಿದ್ದ ತಾಯಿ ಕ್ಯಾರಿ 2012ರ ಡಿಸೆಂಬರಿನಲ್ಲಿ ತೀರಿಕೊಂಡರು. ಮಗನಿಗೆ ಆಕೆಯೊಂದಿಗೆ ಉಳಿದ ನೆನಪುಗಳಲ್ಲಿ ಬಹುಪಾಲು, ಆರೆಗನ್‌ನಲ್ಲಿ ಮಲತಂದೆ ಲೋವೆಲ್ ಅವರೂ ಜೊತೆಗಿದ್ದ ಬಾಲ್ಯದ ಕೆಲವು ಬೇಸಿಗೆಗಳವು. ಈ ದುಃಖದಿಂದ ಹುಟ್ಟಿದ, ಹೋಟೆಲ್ ಕೋಣೆಯೊಂದರಲ್ಲಿ ಐಫೋನಿನಲ್ಲಿ ಮುದ್ರಿಸಿದ ತುಣುಕುಗಳನ್ನೂ ಒಳಗೊಂಡ ಕರಡುಗಳ ರಾಶಿಯನ್ನು ಅವರು ಸಂಗೀತಗಾರ ಥಾಮಸ್ ಬಾರ್ಟ್ಲೆಟ್ ಅವರ ಮುಂದಿಟ್ಟರು, ಅದಕ್ಕೊಂದು ಅರ್ಥ ಕೊಟ್ಟವರು ಬಾರ್ಟ್ಲೆಟ್ ಎಂದು ಆಮೇಲೆ ಹೇಳಿಕೊಂಡರು. 2015ರ ‘ಕ್ಯಾರಿ ಆ್ಯಂಡ್ ಲೋವೆಲ್’ ಹೀಗೆ 11 ಹಾಡುಗಳಿಗೆ ಇಳಿಯಿತು. ಡ್ರಮ್ಸ್ ಇಲ್ಲ, ಬೆರಳಲ್ಲಿ ಮೀಟಿದ ತಂತಿ, ಒಂದರ ಮೇಲೊಂದು ಹಾಸಿದ ಸ್ವಂತ ದನಿ, ಹಾಡು ಮುಗಿದ ಮೇಲೂ ಕೆಲವೆಡೆ ಉಳಿಯುವ ಮಂಜಿನಂತಹ ಗುಂಗು, ಇಷ್ಟೆ. ಎರಡು ಬಾರಿ ಮುದ್ರಿಸಿದ ಒಂದೇ ದನಿಯ ನಡುವೆ ಕೂದಲೆಳೆಯ ಅಂತರ ಉಳಿಯುತ್ತದೆ. ‘ಇಲಿನಾಯ್’ನಲ್ಲಿ ಗುಂಪಿನ ಭ್ರಮೆ ಹುಟ್ಟಿಸಿದ ಇದೇ ತಂತ್ರವು ಇಲ್ಲಿ, ಉತ್ತರಿಸುವವರಿಲ್ಲದೆ ತನ್ನೊಡನೆ ತಾನೇ ಆಡಿಕೊಳ್ಳುವ ಮಾತಾಗುತ್ತದೆ. ಈ ಆಲ್ಬಮಿಗೆ ಹತ್ತು ವರ್ಷ ತುಂಬಿದಾಗ ಸ್ಟೀವನ್ಸ್ ಅದರ ಬಗ್ಗೆ ಮುಜುಗರವನ್ನೇ ವ್ಯಕ್ತಪಡಿಸಿದರು. ತಾಯಿಯ ಬದುಕನ್ನು ಅರಿಯದೆ ಅದನ್ನು ಹಾಡಾಗಿಸಿದೆನೆಂಬ ಅಳುಕು ಅದರಲ್ಲಿತ್ತು. ಮಗನಾಗಿ ಅವರ ಅಳುಕು ಸರಿಯಿರಬಹುದು, ಕೃತಿಯ ತೀರ್ಪಾಗಿ ಅದನ್ನು ಒಪ್ಪಬೇಕಿಲ್ಲ: ಗೊತ್ತಿಲ್ಲದ ತಾಯಿಯನ್ನು ಗೊತ್ತೆಂದು ಹಾಡುಗಳು ಎಲ್ಲಿಯೂ ನಟಿಸುವುದಿಲ್ಲ.

2023ರ ಏಪ್ರಿಲ್‌ನಲ್ಲಿ ತೀರಿಕೊಂಡ ಸಂಗಾತಿಗೆ ಅರ್ಪಿತವಾಗಿ ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ‘ಜ್ಯಾವೆಲಿನ್’ ಬಹುಪಾಲು ಮನೆಯಲ್ಲೇ ಒಬ್ಬರೇ ನುಡಿಸಿ ಮುದ್ರಿಸಿದ್ದು. ಅದು ಹೊರಬರುವಾಗ ಸ್ಟೀವನ್ಸ್ ನರಗಳನ್ನು ಬಾಧಿಸುವ ಗಿಲ್ಲನ್-ಬಾರೇ ಕಾಯಿಲೆಯಿಂದ ನೆಲಕಚ್ಚಿ, ಮತ್ತೆ ನಡೆಯಲು ಕಲಿಯುತ್ತಿದ್ದರು. ಬರಿಯ ಪಿಯಾನೋ ಅಥವಾ ಬ್ಯಾಂಜೋದಿಂದ ಹೊರಟು, ಗೆಳತಿಯರ ದನಿಗಳ ಗಾಯನವೃಂದವಾಗಿ ಉಕ್ಕುವ ಕ್ರಮ ಹಾಡಿನಿಂದ ಹಾಡಿಗೆ ಮರಳುತ್ತದೆ. ನಾಲ್ಕನೆಯ ಬಾರಿಗೆ ಅದು ಊಹಿಸಬಹುದಾದದ್ದೇ ಆದರೂ, ತುಂಬುವುದಕ್ಕೂ ತೆಗೆಯುವುದಕ್ಕೂ ಇಲ್ಲಿ ಜಗಳವಿಲ್ಲ. ಹೊರಗಿನ ದನಿಗಳು ಅಲಂಕಾರವಾಗಿ ಬರದೆ, ಒಬ್ಬರ ಉಸಿರು ನಿಂತಲ್ಲಿ ಇನ್ನೊಬ್ಬರು ಹಿಡಿದುಕೊಂಡಂತೆ ಬರುತ್ತವೆ. ಆಲ್ಬಂ ಮುಗಿಯುವುದು ಅವರದಲ್ಲದ ಹಾಡಿನಿಂದ. ನೀಲ್ ಯಂಗ್ ಅವರ ‘ದೇರ್ಸ್ ಎ ವರ್ಲ್ಡ್’ 1972ರ ಮೂಲದಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಭಾರಕ್ಕೆ ಕುಸಿದ ಹಾಡೆಂದು ಹಲವು ವಿಮರ್ಶಕರ ದೂರಿಗೆ ಗುರಿಯಾಗಿತ್ತು. ಜೀವನವಿಡೀ ಹಾಡುಗಳ ಮೇಲೆ ವಾದ್ಯವೃಂದಗಳನ್ನು ಹೇರುತ್ತ ಬಂದ ಕಲಾವಿದರು ಅದರ ಮೇಲಿನ ಆರ್ಕೆಸ್ಟ್ರಾವನ್ನು ಪೂರ್ತಿ ಇಳಿಸಿ, ಒಂದು ಗಿಟಾರು ಮತ್ತು ಕೆಲವು ದನಿಗಳಲ್ಲಿ ಹಾಡಿ ನಿಲ್ಲಿಸುತ್ತಾರೆ.